ಹನ್ನೆರಡು ಮನೆಯ ಆಕಾಶ

ಹನ್ನೆರಡು ಮಂದಿ ಒಬ್ಬರಾದ ಮೇಲೊಬ್ಬರು ಹೂಂ ಅಂದಿದ್ದರು. ಯಂತ್ರ ಮಾತ್ರ ಹನ್ನೊಂದು ಎಂದಿತು.

ಫಲಿತಾಂಶ ಬಂದದ್ದು ಒಂದೇ ಸಾಲಿನಲ್ಲಿ. ಹುಬ್ಬಳ್ಳಿಯ ಕೇಶ್ವಾಪುರದ ಸಂಗಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಸ್ಕೂಟರುಗಳನ್ನು ಬದಿಗೆ ಸರಿಸಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತವರಿಗೆ ಸೊಸೈಟಿಯ ಅಧ್ಯಕ್ಷ ವೀರಪ್ಪ ಅಂಗಡಿಯವರು ಅದನ್ನು ಫೋನಿನಲ್ಲಿ ನೋಡಿ ಓದಿದರು. ಹನ್ನೆರಡು ಸಮ್ಮತಿಗಳಲ್ಲಿ ಒಂದು ಸ್ವತಂತ್ರ ಸಮ್ಮತಿಯಲ್ಲ. ಓದಿದವರು ಮತ್ತೊಮ್ಮೆ ಓದಿಕೊಂಡರು, ಈ ಸಲ ಬಾಯಿ ಬಿಡದೆ. ಅವರ ಪಕ್ಕದ ಕುರ್ಚಿಯ ಮೇಲೆ ಧಾರವಾಡದಿಂದ ತರಿಸಿದ ಪೇಢೆಯ ಡಬ್ಬಿಗಳಿದ್ದವು. ಅವುಗಳ ದಾರ ಬಿಚ್ಚಲು ಯಾರೂ ಮುಂದಾಗಲಿಲ್ಲ.

ಮುಕ್ತಾ ಮೆಟ್ಟಿಲ ಬಳಿ ನಿಂತಿದ್ದಳು. ಯಾರಿರಬಹುದು ಎಂದು ಅವಳು ಎದುರಿಗಿದ್ದವರ ಮುಖ ನೋಡಿದಳು. ಎಲ್ಲರೂ ಅದನ್ನೇ ಮಾಡುತ್ತಿದ್ದರು. ಹದಿನೆಂಟು ವರ್ಷ ಒಂದೇ ನೀರಿನ ಟಾಕಿಯಿಂದ ಕುಡಿದವರು ಆ ಸಂಜೆ ಒಬ್ಬರನ್ನೊಬ್ಬರು ಮೊದಲ ಸಲ ಕಂಡವರಂತೆ ದಿಟ್ಟಿಸುತ್ತಿದ್ದರು.

ಮಾರಬೇಕಾಗಿದ್ದದ್ದು ಮನೆಯಲ್ಲ, ಮನೆಯ ಮೇಲಿನ ಆಕಾಶ. ಗಾಳಿಗಲ್ಲು ಬಂದ ಮೇಲೆ ಶುರುವಾದ ವ್ಯವಹಾರ ಅದು. ಇಟ್ಟಿಗೆಯಷ್ಟು ಗಟ್ಟಿ, ಹತ್ತಿಯಷ್ಟು ಹಗುರವಾದ ಆ ವಸ್ತುವಿನಿಂದ ಕೋಣೆ ಕಟ್ಟಿ, ಹಳೆಯ ಕಟ್ಟಡದ ಗೋಡೆಗೆ ಕೈಯೂ ತಾಗದಂತೆ ನಾಲ್ಕು ಸಪೂರ ಕಂಬಗಳ ಮೇಲೆ ಎತ್ತಿ ನಿಲ್ಲಿಸಬಹುದಿತ್ತು. ಊರು ಅಡ್ಡಡ್ಡ ಬೆಳೆಯುವುದನ್ನು ಬಿಟ್ಟು ತನ್ನ ತಲೆಯ ಮೇಲೆ ತಾನೇ ಬೆಳೆಯತೊಡಗಿತು. ನೆಲ ಯಾರದೋ ಆಕಾಶವೂ ಅವರದೇ ಎಂಬುದು ಹಳೆಯ ನ್ಯಾಯ. ಆದರೆ ಅಪಾರ್ಟ್‌ಮೆಂಟಿನ ನೆಲ ಯಾರೊಬ್ಬರದೂ ಅಲ್ಲ. ಹಾಗಾಗಿ ಅದರ ಮೇಲಿನ ಆಕಾಶವೂ ಪಾಲು ಮಾಡಲಾಗದ ಆಸ್ತಿ. ಮೇಲಿನ ಮಹಡಿಯವನು ಮುಗಿಲಿಗೆ ಹತ್ತಿರವಿದ್ದಾನೆಂದು ಅವನ ಹಕ್ಕು ಹೆಚ್ಚಲ್ಲ, ಕೆಳಗಿನವನು ತಾರಸಿಯ ಮುಖ ನೋಡಿಲ್ಲವೆಂದು ಅವನ ಹಕ್ಕು ಕಡಿಮೆಯಲ್ಲ. ಕೊಟ್ಟರೆ ಎಲ್ಲರೂ ಸೇರಿ ಕೊಡಬೇಕು.

ವಿಮಾನ ಹಾರುವ ದಾರಿಗೆ ಎಷ್ಟು ಎತ್ತರ ಬಿಡಬೇಕು, ಪಕ್ಕದ ಮನೆಯ ಅಂಗಳಕ್ಕೆ ಬೀಳುವ ಬಿಸಿಲು ತಡೆದರೆ ಅದಕ್ಕೇನು ಪರಿಹಾರ, ಕಂಬ ವಾಲಿದರೆ ಹೊಣೆ ಮೇಲಿನವರದೋ ಕೆಳಗಿನವರದೋ, ಇವನ್ನೆಲ್ಲ ವಕೀಲರು ಜಗಳಾಡಿ ಜಗಳಾಡಿ ಕಾಯ್ದೆಯೊಳಗೆ ಕೂರಿಸಿದ್ದರು. ಕೂರದೆ ಉಳಿದದ್ದು ಒಂದೇ ಪ್ರಶ್ನೆ. ಒಪ್ಪಿದೆ ಎಂದವನು ನಿಜಕ್ಕೂ ಒಪ್ಪಿದ್ದಾನೆಯೇ? ಮೊದಲ ವರ್ಷಗಳಲ್ಲಿ ಕೋಣೆಗಳು ಮೇಲೇರಿದ ಮೇಲೆ ಯಾರೋ ಒಬ್ಬರು ಕೋರ್ಟಿಗೆ ಹೋಗಿ, ಅಣ್ಣ ಹೆದರಿಸಿದ, ಮಗ ಊಟ ಬಿಟ್ಟ, ಅದಕ್ಕೇ ಒಪ್ಪಿದೆ ಎನ್ನುತ್ತಿದ್ದರು. ವ್ಯವಹಾರ ಅಲ್ಲಿಗೇ ರದ್ದು. ಜನರಿಲ್ಲದ ಮಹಡಿಗಳು ಊರ ಮೇಲೆ ಸುಮ್ಮನೆ ನೇತಾಡುತ್ತಿದ್ದವು.

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಸಮ್ಮತಿಮಾಪಕ. ಕೊರಳಿಗೆ ಸುತ್ತುವ ಒಂದು ಮೆತ್ತನೆಯ ಪಟ್ಟಿ. ಅದು ಮಾತನ್ನು ಕೇಳುವುದಿಲ್ಲ, ಮಾತಿಗೆ ಮುಂಚಿನ ಮೌನವನ್ನು ಕೇಳುತ್ತದೆ. ಮನಸ್ಸಿನಲ್ಲಿ ಇದ್ದದ್ದೇ ಬಾಯಿಗೆ ಬರುವಾಗ ಗಂಟಲು ಸಲೀಸಾಗಿ ಸಜ್ಜಾಗುತ್ತದೆ. ಬೇರೊಂದು ಮಾತು ಹೊರಟು, ಅದನ್ನು ತಡೆದು, ಇದನ್ನು ಆಡಬೇಕಾದಾಗ ಗಂಟಲಿನ ಸಣ್ಣ ಸ್ನಾಯುಗಳು ಒಮ್ಮೆ ಎದ್ದು ನಿಲ್ಲುತ್ತವೆ. ಹೊರಗಿನವರಿಗೆ ಅದು ಕಾಣುವುದಿಲ್ಲ. ಪಟ್ಟಿಗೆ ಕಾಣುತ್ತದೆ. ಯಂತ್ರ ಮಾಡಿದವರು ಅದನ್ನು 'ನುಂಗಿದ ಮಾತು' ಎಂದು ಕರೆಯುತ್ತಿದ್ದರು.

ಮುಕ್ತಾಳ ನೌಕರಿಯೇ ಅದು. ಧಾರವಾಡದ ಸಮ್ಮತಿ ಪರೀಕ್ಷಾ ಕೇಂದ್ರದಲ್ಲಿ ಅವಳು ದಿನವಿಡೀ ಹೆಸರಿಲ್ಲದ ಗಂಟಲುಗಳ ರೇಖೆಗಳನ್ನು ನೋಡುತ್ತಿದ್ದಳು. ತನ್ನ ಸ್ವಂತ ಕಟ್ಟಡದ ಪರೀಕ್ಷೆಯನ್ನು ಅವಳು ಮುಟ್ಟುವಂತಿರಲಿಲ್ಲ. ಅದನ್ನು ನೋಡಿದವರು ಕೇಂದ್ರದ ಮುಖ್ಯಸ್ಥ ಪ್ರಭಾಕರ ಹೆಬಸೂರ. ಯಾರ ಸಮ್ಮತಿ ಕೆಟ್ಟಿತು ಎಂಬುದನ್ನು ಹೇಳುವುದು ಅಪರಾಧ. ಹೇಳಿಬಿಟ್ಟರೆ ಉಳಿದವರೆಲ್ಲ ಆ ಒಬ್ಬರ ಮೇಲೆ ಬೀಳುತ್ತಾರೆ ಎಂದು ಕಾಯ್ದೆ ಮಾಡಿದವರು ಯೋಚಿಸಿದ್ದರು. ಹೇಳದಿದ್ದರೆ ಎಲ್ಲರೂ ಎಲ್ಲರ ಮೇಲೂ ಬೀಳುತ್ತಾರೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಎರಡನೆಯ ಪರೀಕ್ಷೆಗೆ ಒಂದು ಅವಕಾಶವಿತ್ತು, ಎರಡು ತಿಂಗಳೊಳಗೆ. ಅದೂ ಕೆಟ್ಟರೆ ಸಂಗಮದ ಆಕಾಶಕ್ಕೆ ಏಳು ವರ್ಷ ಬೀಗ. ಆದರೆ ಸಂಗಮಕ್ಕೆ ಏಳು ವರ್ಷದ ಆಯುಷ್ಯವಿರಲಿಲ್ಲ. ಕೆಳಗಿನ ಕಂಬಗಳಲ್ಲಿ ಕಬ್ಬಿಣ ಹೊರಗೆ ಬಂದಿತ್ತು. ದುರಸ್ತಿ ಮಾಡಿ ಇಲ್ಲವೇ ಖಾಲಿ ಮಾಡಿ ಎಂದು ನೋಟೀಸು ಅಂಟಿಸಿ ಹೋಗಿದ್ದರು. ಆಕಾಶ ಕೊಟ್ಟರೆ ಕಂಪನಿಯವರು ಕಂಬಗಳನ್ನು ಹೊಸದು ಮಾಡಿ, ಲಿಫ್ಟ್ ಕೂರಿಸಿ, ಕೆಳಗಿನ ಹನ್ನೆರಡು ಮನೆಗಳನ್ನು ಉಳಿಸಿ ಕೊಡುತ್ತಿದ್ದರು. ಕೊಡದಿದ್ದರೆ ಹನ್ನೆರಡು ಮನೆಯವರೂ ಗಂಟುಮೂಟೆ ಕಟ್ಟಬೇಕು.

ಜೊತೆಗೆ ಇನ್ನೊಂದು ಕಲಮು ಇತ್ತು. ಒಲ್ಲದವರ ಬಾಯಿಂದ ಒತ್ತಾಯಕ್ಕೆ ಹೂಂ ಅನ್ನಿಸಿದವರು ಮನೆಯವರೇ ಎಂದು ಸಾಬೀತಾದರೆ, ಆ ಮನೆಯ ಪಾಲು ಮುಟ್ಟುಗೋಲು.

ಅಂದು ಊಟಕ್ಕೆ ಕೂತಾಗ ಮುಕ್ತಾಳ ಗಂಡ ಶಿವಯೋಗಿ ಆ ಕಲಮಿನ ಮಾತೆತ್ತಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಅಂದು ಬಂದ ಗಿರಾಕಿಗಳ ಬಗ್ಗೆ ಏನೇನೋ ಹೇಳಿದ. ಅವನ ಅವ್ವ ಶಂಕ್ರವ್ವ ರೊಟ್ಟಿ ಮುರಿದು ಪುಂಡಿಪಲ್ಲೆಯಲ್ಲಿ ಅದ್ದಿ ನಿಧಾನಕ್ಕೆ ತಿನ್ನುತ್ತಿದ್ದಳು. ನಾಲ್ಕನೆಯ ಮಹಡಿಯ ಆ ಮನೆ ಇದ್ದದ್ದು ಶಂಕ್ರವ್ವನ ಹೆಸರಿನಲ್ಲಿ. ಹೂಂ ಅಂದವಳೂ ಅವಳೇ.

ಅತ್ತೆ ಕೈ ತೊಳೆಯಲು ಎದ್ದು ಹೋದ ಮೇಲೆ ಶಿವಯೋಗಿ ತಟ್ಟೆ ನೋಡುತ್ತ ಹೇಳಿದ: "ಅವ್ವಗ ನಾನು 'ಹೂಂ ಅಂದಬಿಡು' ಅಂತ ಒಂದ ಸಲ ಅಂದಿದ್ದೆ. ಒಂದ ಸಲ ಅಷ್ಟ. ಅದು ಒತ್ತಾಯ ಅನಸ್ತೈತೇನು?"

"ಅತ್ತಿ ಏನಂದ್ರು ಅವಾಗ?"

"ಆತಪಾ ಅಂದ್ಳು."

ಆ 'ಆತಪಾ' ಹೇಗಿತ್ತು, ಅದಕ್ಕೆ ಮುಂಚೆ ಎಷ್ಟು ಹೊತ್ತು ಮೌನವಿತ್ತು ಎಂದು ಮುಕ್ತಾಳಿಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಸಂಜೆಯಾದರೆ ಅತ್ತೆ ಒಂದೇ ಮಹಡಿ ಏರಿ ತಾರಸಿಗೆ ಹೋಗಿ ಹೊರಸಿನ ಮೇಲೆ ಕೂರುವುದು, ಬೇಸಿಗೆಯಲ್ಲಿ ಶಾವಿಗೆ ಹೊಸೆದು ಅಲ್ಲೇ ಒಣಗಿಸುವುದು, ಡಾಲ್ಡಾ ಡಬ್ಬಿಯ ತುಳಸಿಗೆ ನೀರು ಹಾಕಿ ಮುಗಿಲು ನೋಡುತ್ತ ನಿಲ್ಲುವುದು ಅವಳ ಕಣ್ಣಿಗೆ ಬಂತು. ಅಷ್ಟನ್ನೂ ಬಿಟ್ಟುಕೊಡಲು ಯಾವ ಮುದುಕಿಯ ಮನಸ್ಸು ಒಪ್ಪೀತು ಎಂದುಕೊಂಡಳು. ತನ್ನ ಮನೆಯಲ್ಲೇ ಇದೆ ಆ ಒಂದು ಎಂಬ ಅನುಮಾನ ಅವಳೊಳಗೆ ಅಂದು ಹೊಕ್ಕಿತು.

ಬೇರೆಯವರ ಅನುಮಾನ ಬೇರೆ ಕಡೆ ಹೋಯಿತು. ಮೂರನೆಯ ಮಹಡಿಯ ಇಮಾಮಸಾಬ ನದಾಫ ಗಾದಿ ಹೊಲಿಯುವವನು. ಅವನ ಅರಳೆ ಒಣಗುತ್ತಿದ್ದದ್ದು ತಾರಸಿಯಲ್ಲಿ. ತಾರಸಿ ಹೋದರೆ ಮೊದಲು ಹೊಡೆತ ಬೀಳುವುದು ಅವನಿಗೇ ಎಂದು ಜನ ಲೆಕ್ಕ ಹಾಕಿದರು. ಯಾರೂ ಅವನಿಗೆ ನೇರವಾಗಿ ಏನೂ ಹೇಳಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಫೋನು ನೋಡಿಕೊಂಡರು. ಹೊಲಿಯಲು ಕೊಟ್ಟ ದಿಂಬುಗಳನ್ನು ಹೊಲಿಯುವ ಮುಂಚೆಯೇ ವಾಪಸು ಕೇಳಿದರು. ಒಂದು ಬೆಳಿಗ್ಗೆ ತಾರಸಿಯಲ್ಲಿ ಹರವಿದ ಅರಳೆಯ ಮೇಲೆ ಯಾರೋ ಬಕೆಟ್ಟುಗಟ್ಟಲೆ ನೀರು ಸುರಿದಿದ್ದರು.

ಬಟ್ಟೆ ಒಣಹಾಕಲು ಹೋದ ಮುಕ್ತಾಳಿಗೆ ಅವನು ಆ ಮುದ್ದೆಯನ್ನು ಹಿಂಡುತ್ತ ಕೂತದ್ದು ಕಾಣಿಸಿತು. ಅವಳು ಬಕೆಟ್ಟು ಕೆಳಗಿಟ್ಟು ಒಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು.

"ನನ್ನ ಮಗಗ ಕೆಳಗ ಅಂಗಡಿ ಹಾಕಿ ಕೊಡ್ತೀನಿ ಅಂದಾರ ಕಂಪನಿಯವ್ರು," ಎಂದ ನದಾಫ. "ನಾ ಖುಷಿಲೇ ಹೂಂ ಅಂದಿದ್ದೆ ಅಕ್ಕಾರ. ಕುಣಕೋತ ಅಂದಿದ್ದೆ. ಈಗ ಕೇಳಿದ್ರ ಏನ್ ಬರ್ತೈತೋ ಬಾಯಾಗ, ನನಗ ಗೊತ್ತಿಲ್ಲ."

ಅವನ ಮಾತನ್ನು ಅವಳು ನಂಬಿದಳು, ನಂಬಿದ್ದನ್ನು ಹೇಳಲಿಲ್ಲ. ಹೇಳಿದರೆ, ನಿನಗೆ ಹೇಗೆ ಗೊತ್ತು, ಕೇಂದ್ರದಲ್ಲಿ ನೋಡಿದೆಯಾ ಎಂದು ಕೇಳುತ್ತಾರೆ. ಈಗಾಗಲೇ ಅವಳು ಮೆಟ್ಟಿಲಿಳಿಯುವಾಗ ಬಾಗಿಲುಗಳ ಹಿಂದೆ ಮಾತು ನಿಲ್ಲುತ್ತಿತ್ತು. ಎಲ್ಲ ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ ಎಂದು ಅವಳ ಬಗ್ಗೆ ಆಡಿಕೊಳ್ಳುತ್ತಿದ್ದರು.

ಅಧ್ಯಕ್ಷ ಅಂಗಡಿಯವರು ಸುಮ್ಮನೆ ಕೂರುವ ಜಾತಿಯವರಲ್ಲ. ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವರು. ಸಡಿಲಾದದ್ದು ಯಾವುದಿದ್ದರೂ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ. ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ ವಯಸ್ಸಾದ ಒಬ್ಬ ನಟನನ್ನು ಹಿಡಿದು ತಂದು, ಪ್ರತಿ ರವಿವಾರ ಪಾರ್ಕಿಂಗಿನಲ್ಲಿ ಒಪ್ಪಿಗೆಯ ತಾಲೀಮು ಶುರು ಮಾಡಿಸಿದರು. ಎಲ್ಲರೂ ಸಾಲಾಗಿ ಕೂತು, ಉಸಿರು ಎಳೆದು, ಎದೆಯಿಂದ ದನಿ ಎತ್ತಿ 'ಒಪ್ಪಿದ್ದೇನೆ' ಎನ್ನಬೇಕು. ನಟ ಕಣ್ಣು ಮುಚ್ಚಿ ಕೇಳಿ, "ನಿಮ್ಮದ ಬರೇ ಗಂಟಲಿಂದ ಬಂತು ನೋಡ್ರಿ, ಹೊಟ್ಟಿಂದ ಬರಲಿ" ಎನ್ನುತ್ತಿದ್ದ. ಮೊದಲ ವಾರ ಜನ ನಕ್ಕರು. ಎರಡನೆಯ ವಾರ ನಗುವವರ ಮೇಲೆ ಅಂಗಡಿಯವರ ಕಣ್ಣು ಬಿತ್ತು. ಮೂರನೆಯ ವಾರದಿಂದ ಯಾರೂ ನಗಲಿಲ್ಲ. ಯಾರ 'ಒಪ್ಪಿದ್ದೇನೆ' ಸ್ವಲ್ಪ ತಡವಾಯಿತು, ಯಾರದು ಬೇಗ ಬಂತು ಎಂದು ಎಲ್ಲರೂ ಕಿವಿ ನಿಮಿರಿಸಿ ಕೇಳುತ್ತಿದ್ದರು. ಮಕ್ಕಳು ಕೂಡ ಮೆಟ್ಟಿಲ ಮೇಲೆ ಒಪ್ಪಿದ್ದೇನೆ ಆಟ ಆಡತೊಡಗಿದವು. ಸೋತವನು ಮನೆ ಬಿಟ್ಟು ಹೋಗಬೇಕು.

ತಾಲೀಮಿಗೆ ಬಾರದೆ ಉಳಿದವಳು ಶಂಕ್ರವ್ವ ಒಬ್ಬಳೇ. ಮೊಣಕಾಲು ಹಿಡಿದುಕೊಂಡಿದ್ದರಿಂದ ನಾಲ್ಕು ಮಹಡಿ ಇಳಿದು ಏರುವುದು ಆಕೆಗೆ ಆಗುತ್ತಿರಲಿಲ್ಲ. ಅವಳ ಬದಲಿಗೆ ಶಿವಯೋಗಿ ಹೋಗಿ ಕೂತು ಬಂದ. ಬಂದವನು ಬಾಗಿಲು ಹಾಕಿ, "ಅಂಗಡ್ಯಾರು ನನ್ನ ಮಾರಿನ ನೋಡಾಕತ್ತಿದ್ರು" ಎಂದ. ಸ್ವಲ್ಪ ತಡೆದು ಹೆಂಡತಿಯ ಮುಖವನ್ನೂ ಹಾಗೆಯೇ ನೋಡಿದ. "ನೀ ಏನರ ಅವ್ವಗ ಹೇಳೀಯೇನು?"

"ಏನಂತ?"

"ಒಲ್ಲೆ ಅನ್ನು ಅಂತ."

ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಹೀಗೆ ಕೇಳಿದ್ದಿಲ್ಲ. ಅವಳು ಇಲ್ಲ ಎಂದಳು. ಎಂದ ಮೇಲೆ, ಆ 'ಇಲ್ಲ'ದ ಹಿಂದಿನ ಚೂರು ಮೌನವನ್ನು ಅವನು ಅಳೆಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವಳು ದಿನವೂ ಮಾಡುವ ಕೆಲಸವನ್ನು ಈಗ ಇಡೀ ಕಟ್ಟಡ ಕಲಿತುಬಿಟ್ಟಿತ್ತು.

ಅದೇ ವಾರ ಅವರು ಅತ್ತೆಯನ್ನು ಮೊಣಕಾಲಿನ ಡಾಕ್ಟರಿಗೆ ತೋರಿಸಲು ಕರೆದೊಯ್ದರು. ಶಿವಯೋಗಿ ಮತ್ತು ನದಾಫ ಸೇರಿ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ದವಾಖಾನೆಯ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅಜ್ಜಿಯ ಹೆಸರು ಕೇಳಿದಳು, ಅತ್ತೆ ಹೇಳಿದಳು. ವಯಸ್ಸು ಕೇಳಿದಳು, ಎಪ್ಪತ್ತೋ ಎಪ್ಪತ್ತೆರಡೋ ನೀನೇ ಒಂದು ಹಾಕು ಎಂದಳು ಅತ್ತೆ. ಹುಡುಗಿ ಗಂಡನ ಹೆಸರು ಕೇಳಿದಳು.

ಅತ್ತೆ ಮುಕ್ತಾಳ ಕಡೆ ತಿರುಗಿದಳು.

ಫಕ್ಕೀರಪ್ಪ ಎಂದು ಮುಕ್ತಾ ಹೇಳಿಬಿಟ್ಟಳು. ಯಾವಾಗಲೂ ಹೀಗೆಯೇ ಆಗುತ್ತಿತ್ತು. ರೇಶನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಲಗ್ನದ ಮನೆಯಲ್ಲಿ, ಮಾವನವರ ಹೆಸರು ಹೇಳಬೇಕಾದಾಗ ಅತ್ತೆ ಪಕ್ಕದವರ ಕಡೆ ತಿರುಗುತ್ತಿದ್ದಳು. ಮಾವನವರು ತೀರಿಕೊಂಡು ಆರು ವರ್ಷವಾದ ಮೇಲೂ ಅಷ್ಟೇ. ಮುಕ್ತಾ ತನ್ನ ಗಂಡನ ಹೆಸರನ್ನು ಎಲ್ಲಿ ಬೇಕಾದರೂ ಸಲೀಸಾಗಿ ಹೇಳುವವಳು. ಅದಕ್ಕೇ ಇದನ್ನು ಎಂದೂ ಗಮನಿಸಿರಲಿಲ್ಲ. ಇಂದು ಮಾತ್ರ ಅವಳ ಕಣ್ಣು ಅತ್ತೆಯ ಕೊರಳ ಮೇಲಿತ್ತು. ತಿರುಗುವುದಕ್ಕೆ ಮುಂಚೆ ಆ ಸುಕ್ಕುಗಟ್ಟಿದ ಕೊರಳು ಒಮ್ಮೆ ಎದ್ದು, ನಿಂತು, ಇಳಿದಿತ್ತು.

ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚುವಾಗ ಅವಳು ಕೇಳಿದಳು: "ಅತ್ತಿ, ಅವತ್ತ ಆ ಪಟ್ಟಿ ಸುತ್ತಿದಾಗ ಮಾವಾರ ಹೆಸರ ಹೇಳಸಿದ್ರೇನು?"

"ಹೇಳಸದ ಬಿಟ್ಳೇನ ಆ ಹುಡುಗಿ? 'ನಾನು ಇಂಥವರ ಹೆಂಡತಿ ಇಂಥಾಕಿ' ಅಂತನ ಶುರು ಮಾಡಬೇಕಂತ. ನೀವ ಅನ್ರಿ ತಂಗಿ ಅಂದೆ. ಇಲ್ಲಜ್ಜಿ, ನೀವ ಅನಬೇಕು ಅಂದ್ಳು." ಶಂಕ್ರವ್ವ ಮೊಣಕಾಲು ನೀವಿಕೊಂಡಳು. "ಬಾಯಾಗ ಕಲ್ಲು ಇಟ್ಟಂಗಾತು ನೋಡು. ಎರಡ ಸಲ ನುಂಗಿದೆ. ಕಡೀಕ ಅಂದೆ. ಅಂದ ಮ್ಯಾಲ ಅವತ್ತೆಲ್ಲಾ ಒಂಥರಾ ಆತು. ಉಂಡಿದ್ದು ಮೈಗೆ ಹತ್ತಲಿಲ್ಲ."

ಮುಕ್ತಾಳ ಕೈ ನಿಂತಿತು. ಪರೀಕ್ಷೆಯ ದಿನ ತಾನೂ ಶಿವಯೋಗಿಯೂ ಕಾಯ್ದೆಯಂತೆ ಬಾಗಿಲ ಹೊರಗೆ ನಿಂತದ್ದು, ಒಳಗೆ ತುಂಬ ಹೊತ್ತು ಸದ್ದೇ ಇಲ್ಲದ್ದು ಅವಳಿಗೆ ನೆನಪಾಯಿತು. ಹಾಗಾದರೆ ಅತ್ತೆ ನುಂಗಿದ್ದು ಹೆಸರನ್ನು. ಆಕಾಶದ ವಿಚಾರಕ್ಕೂ ಆ ಮೌನಕ್ಕೂ ಸಂಬಂಧವೇ ಇಲ್ಲದಿರಬಹುದು. ಇರಲೂಬಹುದು. ಆಕಾಶ ಕೊಡಲು ನಿಮಗೆ ನಿಜವಾಗಿ ಮನಸ್ಸಿದೆಯೇ ಎಂದು ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಆದರೆ ಈ ಮನೆಯಲ್ಲಿ ಈಗ ಆ ಪ್ರಶ್ನೆ ಕೇಳಿದರೆ ಅದೇ ಒತ್ತಾಯವಾಗುತ್ತದೆ. ಅವಳು ಎಣ್ಣೆಯ ಬಟ್ಟಲು ಎತ್ತಿಟ್ಟಳು.

ಮಾರನೆಯ ದಿನ ಕೇಂದ್ರದಲ್ಲಿ ಹೆಬಸೂರರ ಕೋಣೆಗೆ ಹೋದಳು. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಗಂಟಲ ರೇಖೆಗಳು ಓಡುತ್ತಿದ್ದವು. ಹೆಬಸೂರರು ಮಿತಭಾಷಿ. ಇಷ್ಟು ವರ್ಷ ಜನರ ಗಂಟಲು ನೋಡಿ ನೋಡಿ ತಮ್ಮದನ್ನು ಬಳಸಲು ಹೆದರುತ್ತಾರೆ ಎಂದು ಕೇಂದ್ರದವರು ಅವರ ಹಿಂದೆ ನಗುತ್ತಿದ್ದರು.

"ಒಂದು ಸಾಮಾನ್ಯ ಪ್ರಶ್ನೆ ಸರ್," ಎಂದಳು. "ಯಾವ ಕಟ್ಟಡದ ಬಗ್ಗೆಯೂ ಅಲ್ಲ."

ಅವರು ತಲೆಯಾಡಿಸಿದರು.

"ಹೇಳಿಕೆಯ ಯಾವ ಶಬ್ದದ ಮುಂದೆ ಗಂಟಲು ನಿಂತಿತು ಅಂತ ಯಂತ್ರ ನೋಡುತ್ತದೆಯೇ?"

"ಇಲ್ಲ. ನಿಂತಿತೋ ಇಲ್ಲವೋ, ಅಷ್ಟೇ."

"ಒಬ್ಬ ಹೆಣ್ಣುಮಗಳು ಗಂಡನ ಹೆಸರು ಹೇಳುವಾಗ ನಿಂತರೆ?"

ಹೆಬಸೂರರ ಕೈ ಚಹಾದ ಕಪ್ಪಿನ ಕಡೆ ಹೋದದ್ದು ಅರ್ಧದಲ್ಲಿ ನಿಂತಿತು. ಆಮೇಲೆ ಅವರು ಮುಕ್ತಾಳ ಮುಖ ನೋಡದೆ ತಮ್ಮ ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವಳಿಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತು. ಅವಳು ಬಾಗಿಲು ಮುಚ್ಚಿಕೊಂಡು ಹೊರಬಂದಳು.

ಎರಡು ದಿನದ ಮೇಲೆ ಎಲ್ಲ ಕೇಂದ್ರಗಳಿಗೂ ಹೊಸ ಸೂಚನೆ ಹೋಯಿತು. ಇನ್ನು ಮೇಲೆ ತಮ್ಮ ಪರಿಚಯವನ್ನು ಯಾರು ಬೇಕಾದರೂ ತಮ್ಮ ರೂಢಿಯ ರೀತಿಯಲ್ಲಿ ಹೇಳಬಹುದು. ಕಾರಣ ಕೊಟ್ಟಿರಲಿಲ್ಲ.

ಕಾರಣ ಗೊತ್ತಿದ್ದವಳು ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಗಂಡನ ಹೆಸರಿನ ಮುಂದೆ ತಡೆದ ಹೆಂಗಸು ಎಂದರೆ ಸಂಗಮದಲ್ಲಿ ಬೆರಳು ಒಂದೇ ಬಾಗಿಲ ಕಡೆ ಹೋಗುತ್ತದೆ. ಹಾಗಾಗಿ ನದಾಫನ ಸ್ಕೂಟರಿನ ಗಾಳಿ ಯಾರೋ ತೆಗೆದಾಗಲೂ, ಅವನ ಹೆಂಡತಿ ನೀರಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋದಾಗಲೂ ಮುಕ್ತಾ ಸುಮ್ಮನೆ ಇದ್ದಳು. ಇನ್ನು ಕೆಲವೇ ದಿನ, ಎರಡನೆಯ ಪರೀಕ್ಷೆ ಮುಗಿದರೆ ಎಲ್ಲ ತಿಳಿಯಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆಗೆ ಮಾತ್ರ ಒಂದು ಮಾತು ಹೇಳಿದಳು: ಈ ಸಲ ಮಾವನವರ ಹೆಸರನ್ನು ಬರಿದೇ ಹೇಳಬೇಕಿಲ್ಲ, ಲಗ್ನದಲ್ಲಿ ಹೇಳುತ್ತಿದ್ದಿರಲ್ಲ, ಹಾಗೆ ಹಾಡಿನ ಸಾಲಿನಲ್ಲಿ ಒಡಪು ಕಟ್ಟಿ ಹೇಳಬಹುದಂತೆ.

ಶಂಕ್ರವ್ವನ ಮುಖ ಅರಳಿತು. "ಹಂಗ ಮೊದಲ ಹೇಳಬಾರದೇನು ಅವ್ರು?" ಎಂದಳು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಪಟ್ಟಿ ಹಿಡಿದ ಹುಡುಗಿ ಬಂದು ಕೆಳಗಿನ ಮನೆಯಿಂದ ಶುರು ಮಾಡಿದಳು. ಒಂದೊಂದು ಮನೆಯವರೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಬಾಗಿಲುಗಳ ಹಿಂದಿನಿಂದ ಎದೆಯಾಳದ, ಪಳಗಿದ 'ಒಪ್ಪಿದ್ದೇನೆ'ಗಳು ಕೇಳಿಬರುತ್ತಿದ್ದವು. ಅಂಗಡಿಯವರದು ಮೂರನೆಯ ಮಹಡಿಗೂ ಕೇಳಿಸಿತು. ನದಾಫನದು ಪಕ್ಕದಲ್ಲಿ ನಿಂತವರಿಗೂ ಕೇಳಿಸಲಿಲ್ಲ.

ಕೊನೆಗೆ ನಾಲ್ಕನೆಯ ಮಹಡಿ. ಮುಕ್ತಾ, ಶಿವಯೋಗಿ ಬಾಗಿಲ ಹೊರಗೆ ಗೋಡೆಗೊರಗಿ ನಿಂತರು. ಒಳಗಿನಿಂದ ಅತ್ತೆಯ ದನಿ ಎಳೆದೆಳೆದು, ಅರ್ಧ ಹಾಡಾಗಿ ಬಂತು:

"ನೆಲದ ಮ್ಯಾಲ ಗ್ವಾಡಿ, ಗ್ವಾಡಿ ಮ್ಯಾಲ ಮಾಳಿಗಿ,
ಮುಗಲೆಂಬ ತಾಟಿನ್ಯಾಗ ಚಂದ್ರಾಮನೆಂಬ ಹೋಳಿಗಿ,
ಫಕ್ಕೀರಪ್ಪನೋರ ಹೆಸರ ಹೇಳ್ತೀನಿ ಈ ಗಳಿಗಿ."

ಪಟ್ಟಿಯ ಹುಡುಗಿ ನಕ್ಕದ್ದು ಕೇಳಿಸಿತು. ಮುಂದಿನ ಪ್ರಶ್ನೆಯನ್ನು ಅವಳು ಮುಗಿಸುವ ಮೊದಲೇ ಅತ್ತೆಯ ಉತ್ತರ ಬಂದಿತ್ತು, ಸಂತೆಯಲ್ಲಿ ಗುರುತಿನವರು ಮಾತಾಡಿಸಿದಾಗ ಓಗೊಡುವಷ್ಟು ಸಲೀಸಾಗಿ. ಒಪ್ಪೇನ್ರೀ.

ನುಂಗಿದ ಮಾತು ಹೇಗಿರುತ್ತದೆಂದು ಮುಕ್ತಾಳಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ. ಅದು ಇದಲ್ಲ. ಶಿವಯೋಗಿ ಅವಳ ಕೈ ಹಿಡಿದ. ಎಷ್ಟೋ ದಿನಗಳ ಮೇಲೆ ಅವನು ಅವಳ ಮುಖವನ್ನು ಅಳೆಯದೆ ನೋಡಿದ.

ಸಂಜೆ ಪಾರ್ಕಿಂಗಿನಲ್ಲಿ ಮತ್ತೆ ಕುರ್ಚಿಗಳು ಬಿದ್ದವು. ಈ ಸಲ ಪೇಢೆ ತರಿಸಿರಲಿಲ್ಲ. ಅಂಗಡಿಯವರ ಫೋನು ಸದ್ದು ಮಾಡಿತು. ಅವರು ನೋಡಿದರು. ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ನೋಡಿದರು. ಓದಿದರು.

"ಹನ್ನೆರಡು ಸಮ್ಮತಿಗಳಲ್ಲಿ ಹನ್ನೊಂದು ಸ್ವತಂತ್ರ ಸಮ್ಮತಿಗಳಲ್ಲ."

ರಸ್ತೆಯಲ್ಲಿ ಒಂದು ಆಟೋ ಹೋಯಿತು. ಮುಕ್ತಾ ನಿಂತಲ್ಲೇ ಲೆಕ್ಕ ಹಾಕಿದಳು, ಲೆಕ್ಕ ಕೂಡಲೇ ಬಂದುಬಿಟ್ಟಿತು. ಮೊದಲ ಸಲ ಹನ್ನೊಂದು ಮಂದಿ ಮನಸಾರೆ ಒಪ್ಪಿದ್ದರು. ಹನ್ನೆರಡನೆಯವಳೂ ಒಪ್ಪಿದ್ದಳು, ಗಂಡನ ಹೆಸರನ್ನಷ್ಟೇ ನುಂಗಿದ್ದಳು. ಆ ದಿನ ಈ ಕಟ್ಟಡದಲ್ಲಿ ಒಂದೇ ಮನಸ್ಸಿತ್ತು. ಅದು ಯಾರಿಗೂ ತಿಳಿಯಲಿಲ್ಲ. ಯಾರೋ ಒಬ್ಬರು ಒಲ್ಲೆ ಅಂದಿದ್ದಾರೆಂದು ತಿಳಿದು ಇಷ್ಟು ದಿನ ಒಬ್ಬರನ್ನೊಬ್ಬರು ಕಣ್ಣಿಟ್ಟು ಕಾದರು. ಕಾಯುವವರ ಎದುರು ಆಡಿದ ಹೂಂ ಎದೆಯಿಂದ ಬಂದರೂ ಹೊಟ್ಟೆಯಿಂದ ಬಂದರೂ ಹೆದರಿಕೆಯದೇ.

ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಇನ್ನಾರೋ ಉಸಿರು ಬಿಟ್ಟರು. ತ್ರಾಸಿನ ಎರಡು ತಿಂಗಳ ಮೇಲೆ ಮೊದಲ ಬಾರಿಗೆ ಜನ ಸ್ವಲ್ಪ ಸಡಿಲವಾದರು. ತಾನೊಬ್ಬನೇ ಅಲ್ಲ, ಎಲ್ಲರೂ ಹಾಗೆಯೇ. ಇನ್ನೇನು ಯಾರಾದರೂ ನದಾಫನ ಹೆಗಲ ಮೇಲೆ ಕೈ ಹಾಕಿಯಾರು ಎಂದು ಮುಕ್ತಾಳಿಗೆ ಅನಿಸಿತು.

ಅಂಗಡಿಯವರು ಫೋನನ್ನು ಜೇಬಿಗೆ ಹಾಕಿಕೊಂಡರು.

"ಹಂಗಾದ್ರ," ಎಂದರು ನಿಧಾನಕ್ಕೆ, "ಆ ಒಂದು ಯಾರದು?"

ಸಡಿಲವಾಗಿದ್ದ ಕುರ್ಚಿಗಳು ಮತ್ತೆ ಬಿಗಿಯಾದವು.

"ಇಷ್ಟೆಲ್ಲಾ ಆದ ಮ್ಯಾಲೂ ಯಾರ ಮನಸ್ಸು ಇಷ್ಟ ನಿರುಮ್ಮಳ ಐತಿ? ಕಂಪನಿಯವ್ರು ಒಳಗಿಂದೊಳಗ ಏನ್ ಕೊಟ್ಟಾರ ಅವ್ರಿಗೆ? ನಮಗೆಲ್ಲಾ ಮನಿ ಹೋಗ್ತೈತಿ ಅಂತ ನಿದ್ದಿಲ್ಲ. ಅವ್ರಿಗೆ ಹೋದರೂ ನಡೀತೈತಿ ಅಂದಂಗಾತು."

ಮುಖಗಳು ಮತ್ತೆ ತಿರುಗತೊಡಗಿದವು, ಈ ಸಲ ಒಪ್ಪಿದವನನ್ನು ಹುಡುಕುತ್ತ. ಅವುಗಳಲ್ಲಿ ಅರ್ಧ ಆಗಲೇ ನದಾಫನ ಮೇಲೆ ನಿಂತಿದ್ದವು. ಮಗನ ಅಂಗಡಿಯ ಮಾತು ಎಲ್ಲರಿಗೂ ಗೊತ್ತಿತ್ತು.

ಅಂಗಡಿಯವರೂ ಇನ್ನು ಮೂವರೂ ಎದ್ದರು. ಬಾಗಿಲಿಂದ ಬಾಗಿಲಿಗೆ ಹೋಗಿ ಕೇಳೋಣ, ಸುಳ್ಳು ಹೇಳಿದರೆ ಈಗ ನಮಗೂ ತಿಳಿಯುತ್ತದೆ ಎಂದರು. ಶಿವಯೋಗಿ ಅವರನ್ನು ಮಾತಿಗೆ ಹಿಡಿದು ನಿಲ್ಲಿಸಲು ನೋಡಿದ. ಅಷ್ಟರಲ್ಲಿ ಮುಕ್ತಾ ಮೆಟ್ಟಿಲೇರಿ ಮನೆಗೆ ಬಂದಿದ್ದಳು.

ಬಾಗಿಲು ತೆರೆದೇ ಇತ್ತು. ಅತ್ತೆ ಕಿಟಕಿಯ ಬಳಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಆತೇನವ್ವಾ?"

"ಆಗಲಿಲ್ಲ ಅತ್ತಿ."

"ಅಯ್ಯ. ಯಾರ ಒಲ್ಲೆ ಅಂದ್ರು?"

ಮುಕ್ತಾ ಅವಳ ಎದುರು ಕೂತಳು. ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಈಗ ಕೇಳಿದಳು. "ಮಾಳಿಗಿ ಅಂದ್ರ ನಿಮಗ ಜೀವ ಅಲ್ಲೇನು? ಮುಗಲ ಕೊಡಾಕ ಮನಸ್ಸಿತ್ತೇನು ನಿಮಗ?"

ಶಂಕ್ರವ್ವ ಎಂಥ ಪ್ರಶ್ನೆ ಇದು ಎಂಬಂತೆ ಸೊಸೆಯನ್ನು ನೋಡಿದಳು. "ಕೆಳಗ ಇಳಿಯಾಕ ಬರೂದಿಲ್ಲ ಅಂತ ಮ್ಯಾಲ ಹೋಗಿ ಕುಂಡ್ರತಿದ್ನಿ. ಮುಗಲೇನ ನಮ್ಮಪ್ಪ ಮಾಡಿಟ್ಟಿದ್ದೇನು? ಲಿಫ್ಟ್ ಆದ್ರ ಸಿದ್ಧಾರೂಢ ಮಠಕ್ಕ ಹೋಗಿ ಬರ್ತಿದ್ದೆ. ಎಷ್ಟ ವರ್ಷಾತು ಹೋಗಿ." ಬಳ್ಳೊಳ್ಳಿಯ ಸಿಪ್ಪೆಯನ್ನು ಊದಿದಳು. "ಹೋಗಲಿ ಬಿಡು."

ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಎರಡನೆಯ ಮಹಡಿ. ಮಾತು, ತುಸು ಮೌನ, ಮತ್ತೆ ಚಪ್ಪಲಿಗಳು ಮೇಲೇರಿದವು. ಮೂರನೆಯ ಮಹಡಿ. ನದಾಫನ ದನಿ ಈ ಸಲ ಸ್ಪಷ್ಟವಾಗಿ ಕೇಳಿಸಿತು. "ನಾನಲ್ರೀ. ದೇವರಾಣಿ, ನನಗ ಒಂಚೂರೂ ಮನಸ್ಸಿರಲಿಲ್ಲ. ಅಂಜಿ ಹೂಂ ಅಂದೆ. ಎಲ್ಲಾರಂಗ ಅಂಜೇ ಅಂದೆ."

ಬಿಟ್ಟರು ಅವನನ್ನು. ಚಪ್ಪಲಿಗಳು ಇನ್ನೂ ಮೇಲೆ ಬರುತ್ತಿದ್ದವು.

ಮುಕ್ತಾ ಎದ್ದು ಬಾಗಿಲು ಹಾಕಿ ಚಿಲಕ ಇಳಿಸಿದಳು. ಅತ್ತೆಯ ಬಳಿ ಬಂದು ಬಗ್ಗಿ, ಕಿವಿಯ ಹತ್ತಿರ ಹೇಳಿದಳು: "ಅತ್ತಿ, ಅವ್ರು ಕೇಳಿದ್ರ, ನನಗೂ ಮನಸ್ಸಿರಲಿಲ್ಲ, ಒಲ್ಲದ ಮನಸ್ಸಿಲೇ ಹೂಂ ಅಂದೆ ಅಂತ ಹೇಳ್ರಿ."

"ಯಾಕ? ನಾ ಹಂಗ ಅಂದಿಲ್ಲಲ್ಲ."

"ಹೇಳಬೇಕ್ರಿ ಅತ್ತಿ."

ಹೊರಗಿನವರು ಬಾಗಿಲು ಬಡಿದರು. ಶಂಕ್ರವ್ವ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೈಯಲ್ಲಿದ್ದ ಬಳ್ಳೊಳ್ಳಿಯ ಎಸಳನ್ನು ಬುಟ್ಟಿಯಲ್ಲಿ ಇಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಹೊರಗಿನ ಬೆಳಕು ಬೀಳುತ್ತಿದ್ದ ಆ ಕೊರಳು ಒಮ್ಮೆ ಮೇಲೆದ್ದು, ಅಲ್ಲೇ ನಿಂತಿತು.